ಎಂಟನೇ ಆವೃತ್ತಿ

ನಕ್ಕದ್ದು ತಪ್ಪಾಯಿತು. ಬೀದರದ ಬಸ್ ಸ್ಟ್ಯಾಂಡಿನಲ್ಲಿ ಭಾಲ್ಕಿ ಬಸ್ಸಿನ ಕಿಟಕಿ ಪಕ್ಕದ ಸೀಟು ಹಿಡಿದು ಕೂತ ಮೇಲೂ ಅಶ್ವಜಿತನ ತಲೆಯಲ್ಲಿ ಅದೊಂದೇ ಕುಟ್ಟುತ್ತಿತ್ತು. ಭಾಲಚಂದ್ರರಾಯರು ಅಂದದ್ದಕ್ಕಲ್ಲ ಸಿಟ್ಟು, ಅವರು ಅನ್ನುವವರೇ. ಅವರು ಅಂದು ಮುಗಿಸುವುದರೊಳಗೆ ತಾನು ಹಲ್ಲು ಕಿರಿದು, 'ಹಂಗೇನಿಲ್ರಿ ಸರ್' ಎಂದು ಅವರ ಮಾತಿಗೆ ಅವರೇ ನಾಚಿಕೊಳ್ಳುವ ಕಷ್ಟವನ್ನೂ ತಪ್ಪಿಸಿಕೊಟ್ಟೆನಲ್ಲ, ಅದಕ್ಕೆ. ಆ ನಗು ಇನ್ನೂ ಮುಖದ ಮೇಲೆ ಅಂಟಿಕೊಂಡಿದೆ ಎನಿಸಿ ಕರ್ಚೀಫಿನಿಂದ ಬಾಯಿ ಒರೆಸಿಕೊಂಡ. ಪಕ್ಕದಲ್ಲಿ ಕೂತ ಹೆಂಗಸು, ಇವನಿಗೆ ವಾಂತಿ ಬರುವಂತಿದೆ ಎಂದುಕೊಂಡಳೋ ಏನೋ, ತನ್ನ ಚೀಲವನ್ನು ಕಾಲಿನಿಂದ ಅತ್ತ ಸರಿಸಿದಳು. ಅದಕ್ಕೂ ಸಿಟ್ಟು ಬಂತು.

ವಿಷಯ ಇಷ್ಟೇ. ಟ್ರಸ್ಟಿನ ದವಾಖಾನೆ ಬೀದರದಲ್ಲಿ ದೊಡ್ಡದು, ಭಾಲ್ಕಿಯಲ್ಲಿ ಮತ್ತು ಔರಾದದಲ್ಲಿ ಒಂದೊಂದು ಶಾಖೆ. ಬಂದವರ ಹೆಸರು, ಬೇನೆ, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನೆಲ್ಲ ಇಟ್ಟುಕೊಂಡು ಕೇಳಿದ ಕೂಡಲೇ ತೆಗೆದುಕೊಡುವುದು ಡೇಟಾಬೇಸ್ ಸರ್ವರ್. ಭಾಲ್ಕಿಯ ಹಳೇ ಯಂತ್ರ ಸುಟ್ಟುಹೋಗಿ ಹೊಸದು ಬಂದಿತ್ತು. ಅದರಲ್ಲಿ ಯಾವ ಆವೃತ್ತಿಯ ತಂತ್ರಾಂಶ ಹಾಕಬೇಕು ಎಂದು ನಿರ್ಧರಿಸಬೇಕಾದವನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅಶ್ವಜಿತ. ಹಾಗೆಂದು ಅವನ ಖೋಲಿಯ ಬಾಗಿಲ ಮೇಲೆ ಬರೆದಿದೆ. ಆದರೂ ಆಡಳಿತಾಧಿಕಾರಿ ಭಾಲಚಂದ್ರರಾಯರು ಬೆಳಿಗ್ಗೆ ಮೀಟಿಂಗ್ ಕರೆದರು. ಅಕೌಂಟ್ಸಿನ ಮಂಜಿರಿಯೂ ಇದ್ದಳು.

"ಯಾವ ವರ್ಶನ್ ಅಂದ್ರಿ?"

"ಎಂಟರಿ ಸರ್. ಎಂಟಕ್ಕ ಕಂಪನಿಯವರು ವರ್ಷಾನುಗಟ್ಟಲೆ ರಿಪೇರಿ ಕೊಡ್ತೇವಂತ ಮಾತು ಕೊಟ್ಟಾರ. ಒಂಬತ್ತು ಅಂದ್ರ ಅವರೇ ಇನ್ನಾ ಪರೀಕ್ಷಾ ಮಾಡ್ಲಿಕತ್ತಾರ್ರಿ. ನಾಕ್ ತಿಂಗಳಿಗೊಮ್ಮಿ ಬದಲಾಗ್ತದ."

"ಒಂಬತ್ತು ಬಂದದ ಅಂದಮ್ಯಾಲ ಎಂಟು ಜುನಾ ಆತಲ್ರಿ, ಹಳೇ ಮಾಲು?"

"ಜುನಾ ಅಲ್ರಿ ಸರ್, ಗಟ್ಟಿ."

ರಾಯರು ಪೆನ್ನಿನ ಟೋಪಿ ಹಾಕಿದರು, ತೆಗೆದರು. "ಎಂಟು ಶನಿದು ಅದರಿ. ನನ್ನ ಗಾಡಿ ನಂಬರ್ ಕೂಡಿಸಿ ನೋಡ್ರಿ, ಒಂಬತ್ತು ಬರ್ತದ. ಫೋನಿಂದು ಕೂಡಿಸ್ರಿ, ಒಂಬತ್ತೇ. ದವಾಖಾನಿ ಬಾಗಲಾ ತೆರದಿದ್ ತಾರೀಖನೂ ಒಂಬತ್ತು. ಹೊಸಾ ಮಶೀನಿಗೆ ಎಂಟು ಯಾಕ ಹಚ್ಚೋದು? ಒಂಬತ್ತೇ ಹಾಕ್ರಿ." ಆಮೇಲೆ, ದೊಡ್ಡ ಮನಸ್ಸು ಮಾಡಿದವರಂತೆ ನಕ್ಕು, "ನಿಮ್ಮ ಕಡಿ ಇವೆಲ್ಲಾ ನಂಬಂಗಿಲ್ಲ, ನನಗ ಗೊತ್ತದ. ನಂಬಬ್ಯಾಡ್ರಿ. ಹಾಕ್ರಿ ಸಾಕು," ಎಂದರು. ಮಂಜಿರಿ ತಟ್ಟನೆ ಫೋನಿನೊಳಗೆ ಮುಖ ಹಾಕಿದಳು. ಆಗಲೇ ಇವನು ನಕ್ಕದ್ದು.

ನಿಮ್ಮ ಕಡಿ. ಈ ಎರಡು ಶಬ್ದಗಳಲ್ಲಿ ಬಯ್ಗುಳ ಎಲ್ಲಿದೆ ಎಂದು ಯಾವ ಪೊಲೀಸ್ ಠಾಣೆಗೆ ಹೋಗಿ ತೋರಿಸುವುದು? ಒಂದೇ ಒಂದು ಕೆಟ್ಟ ಅಕ್ಷರವಿಲ್ಲ, ಧ್ವನಿಯಲ್ಲಿ ಬೆಲ್ಲ. ನಿಮ್ಮ ಕಡಿ ಈಗ ಭಾಳ ಓದ್ಲಿಕತ್ತಾರ. ನಿಮ್ಮ ಕಡಿ ಅಡಿಗಿ ಖಾರ ಇರ್ತದಂತ. ನಿಮ್ಮ ಕಡಿ ಮಂದಿಗೆ ಇಂಗ್ಲಿಷ್ ಛಲೋ ಬರ್ತದ, ಯಾಕ ಅಂತ ತಿಳೀವಲ್ದು. ಮೊದಲ ಸಲ ಕೇಳಿದಾಗ ಅಶ್ವಜಿತ ಔರಾದ ಶಾಖೆಗೆ ಹೊಸದಾಗಿ ಸೇರಿದ್ದ. ಔರಾದ ಕಡೆ ಎಂದಿರಬೇಕು, ಮಹಾರಾಷ್ಟ್ರದ ಗಡಿ ಹತ್ತಿರ, ಅದಕ್ಕೇ, ಎಂದು ತನಗೆ ತಾನೇ ಹೇಳಿಕೊಂಡ. ಬೀದರಕ್ಕೆ ವರ್ಗವಾದ ಮೇಲೂ ಮಾತು ಬದಲಾಗಲಿಲ್ಲ. ಕಂಪ್ಯೂಟರಿನ ಕಡೆಯವರು ಎಂದಿರಬಹುದು ಎಂದುಕೊಂಡ. ಖಾರಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಯೋಚಿಸದೆ ಇರುವಷ್ಟು ದಡ್ಡನೇನಲ್ಲ. ಯೋಚಿಸದೆ ಇರಲು ಕಲಿತ. ಹೀಗೆ ಕಲಿತದ್ದು ಅವನ ಎಂಸಿಎ ಪದವಿಗಿಂತ ಹೆಚ್ಚು ಕೆಲಸಕ್ಕೆ ಬಂದಿತ್ತು. ಮನೆಗೆ ಹೋಗಿ ಮಾತ್ರ ಸಾರಿಗೆ ಉಪ್ಪಿಲ್ಲ ಎಂದು ಕೂಗಾಡುತ್ತಿದ್ದ. ನಿನ್ನೆಯೂ ಕೂಗಾಡಿದ್ದ. ಹೆಂಡತಿ ಮಹಾಮಾಯಾ ತನ್ನ ಸಾಲೆಯ ಪೇಪರು ತಿದ್ದುತ್ತ, ತಲೆ ಎತ್ತದೆಯೇ, "ಹೊರಗ ಅನ್ನಲಾರದ ಸಿಟ್ಟೆಲ್ಲಾ ನಮ್ಮ ಸಾರಿನಾಗೇ ಸುರೀರಿ," ಎಂದಿದ್ದಳು. ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು.

ಬಸ್ಸು ಕೆಂಪು ಮಣ್ಣಿನ ದಿಬ್ಬ ಇಳಿದು ಕರಿ ಹೊಲಗಳ ನಡುವೆ ಓಡತೊಡಗಿತು. ಎರಡೂ ಕಡೆ ತೊಗರಿ, ನಡುನಡುವೆ ಕಬ್ಬು. ಹಲಬರ್ಗಾದ ಹತ್ತಿರ ಒಬ್ಬರಿಬ್ಬರು ಹತ್ತಿದರು. ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾಗುವತನಕ ಅಶ್ವಜಿತ ಕಿಟಕಿಯಾಚೆ ನೋಡುತ್ತಿದ್ದ. ಇದು ಅವನ ಊರು. ಭಾಲಚಂದ್ರರಾಯರ ಊರೂ ಇದೇ. ಅವರ ವಾಡೆಯ ಕಲ್ಲಿನ ಕಮಾನು ರಸ್ತೆಯಿಂದ ಕಾಣುವುದಿಲ್ಲ, ಆದರೆ ಅದು ಎಲ್ಲಿದೆಯೆಂದು ಕಣ್ಣಿಗೆ ಗೊತ್ತು. ಏಳನೆಯ ಇಯತ್ತೆಯಲ್ಲಿ ಗಣಿತಕ್ಕೆ ಮೊದಲ ನಂಬರು ಬಂದಾಗ ಬಹುಮಾನ ಕೊಡಲು ಬಂದವರು ಇದೇ ಭಾಲಚಂದ್ರರಾಯರು, ಆಗಿನ್ನೂ ತಲೆ ತುಂಬ ಕೂದಲಿದ್ದ, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿಯ ಯುವಕ. ಕಂಪಾಸ್ ಪೆಟ್ಟಿಗೆ. ಅದನ್ನು ಅವರು ಕೈಯಲ್ಲಿ ಕೊಟ್ಟರೋ, ಟೇಬಲಿನ ಮೇಲಿಟ್ಟು ಬೆರಳಿನಿಂದ ಮುಂದೆ ತಳ್ಳಿದರೋ? ಎಷ್ಟೋ ಸಲ ನೆನಪಿಸಿಕೊಂಡಿದ್ದಾನೆ. ಸಿಟ್ಟಿದ್ದ ದಿನ ಟೇಬಲು ಸ್ಪಷ್ಟವಾಗಿ ಕಾಣುತ್ತದೆ, ಹಸಿರು ಬಟ್ಟೆ, ಅದರ ಮೇಲೆ ಜಾರಿ ಬಂದ ಪೆಟ್ಟಿಗೆ. ಮನಸ್ಸು ತಣ್ಣಗಿದ್ದ ದಿನ ಅವರ ಬೆಚ್ಚಗಿನ ಅಂಗೈ ತಾಗಿದ್ದೂ ನೆನಪಾಗುತ್ತದೆ. ಎರಡರಲ್ಲಿ ಒಂದನ್ನು ತಾನೇ ಕಟ್ಟಿಕೊಂಡಿದ್ದಾನೆ. ಯಾವುದೆಂದು ಗೊತ್ತಿಲ್ಲದಿರುವುದೇ ಅವನಿಗೆ ಎಲ್ಲಕ್ಕಿಂತ ಅಸಹ್ಯವಾಗಿತ್ತು. ಇಂಟರ್‌ವ್ಯೂದಲ್ಲಿ, ಉತ್ಸಾಹದಿಂದ, ನಾನೂ ಹಲಬರ್ಗಾದವನೇ ಎಂದು ಹೇಳಿದ್ದ. "ಹೌದೇನು? ಯಾರ ಪೈಕಿ?" ಎಂದು ರಾಯರು ಮುಂದೆ ಬಾಗಿದರು. ಅಪ್ಪನ ಹೆಸರು ಹೇಳಿದ. "ಹಾಂ, ಹಾಂ," ಎಂದು ಹಿಂದಕ್ಕೆ ಒರಗಿದರು. ನೌಕರಿ ಕೊಟ್ಟರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವತ್ತಿನಿಂದ ಇವತ್ತಿನವರೆಗೆ ಊರಿನ ಮಾತು ಅವರ ಬಾಯಲ್ಲಿ ಬಂದಿಲ್ಲ.

ಭಾಲ್ಕಿ ಶಾಖೆಯ ಬಾಗಿಲಲ್ಲಿ ವೈಜಿನಾಥ ನಿಂತಿದ್ದ. ಅವನು ಅಲ್ಲಿನ ಕಂಪ್ಯೂಟರ್ ಆಪರೇಟರು, ಅಶ್ವಜಿತನಿಗಿಂತ ಹದಿನೈದು ವರ್ಷವಾದರೂ ದೊಡ್ಡವನು. "ನಮಸ್ಕಾರ್ರಿ ಸರ್," ಎಂದು ಕೌಂಟರಿನಲ್ಲಿ ಕೂತ ಅಂಬರೀನಳಿಗೆ ಕೇಳಿಸುವ ಹಾಗೆ ಕೈ ಮುಗಿದ. ಸರ್ವರ್ ಖೋಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ ಮೇಲೆ, ದನಿ ಇಳಿಸಿ, "ಜೈ ಭೀಮ್," ಎಂದ. ಪ್ರತಿ ಸಲವೂ ಹೀಗೇ, ಹೊರಗೊಂದು ಒಳಗೊಂದು. ಅಶ್ವಜಿತನೂ ದನಿ ಇಳಿಸಿಯೇ ಜೈ ಭೀಮ್ ಎಂದ. ಇವತ್ತು ಆ ಪಿಸುಮಾತು ಅವನ ಕಿವಿಗೇ ಕಳ್ಳನ ಮಾತಿನಂತೆ ಕೇಳಿಸಿತು.

ಖೋಲಿ ಮೊದಲು ಔಷಧಿ ಇಡುವ ಗೋದಾಮು. ಇನ್ನೂ ಸ್ಪಿರಿಟ್ಟಿನ ವಾಸನೆ ಇದೆ. ಹೊಸ ಯಂತ್ರದ ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಅರಿಶಿನ ಕುಂಕುಮ, ಊದಿನಕಡ್ಡಿ.

"ಏನಿದು?"

"ರಾಯರ ಫೋನ್ ಬಂದಿತ್ತರಿ. ಒಂಬತ್ತು ಹಾಕೋಕಿಂತ ಮೊದ್ಲ ಕಾಯಿ ಒಡೀರಿ ಅಂದಾರ."

"ಅವರು ಅಂದಾರ ಖರೆ. ನೀವು ಸುದ್ದಾ? ಬೌದ್ಧ ದೀಕ್ಷಾ ತಗೊಂಡ ಮನಿಯವರು ನೀವು, ವೈಜಿನಾಥ."

ವೈಜಿನಾಥನಿಗೆ ಬೇಸರವೇನೂ ಆಗಲಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೀರಿದೆಯೇ ನೋಡಿದ. "ಕಾಯಿಗೇನ್ ಗೊತ್ತದರಿ ಸರ್, ಒಡೆಯಾಂವ ಯಾರು ಅಂತ? ಒಡದ ಮ್ಯಾಲ ಮನಿಗೆ ಒಯ್ತೇನಿ. ಚಟ್ನಿ ಆಗ್ತದ."

ಇದು ನಗುವ ಮಾತು. ಬೇರೆ ದಿನವಾಗಿದ್ದರೆ ಅಶ್ವಜಿತನೂ ನಗುತ್ತಿದ್ದ. ಇವತ್ತಿನ ಪಾಲಿನ ನಗು ಬೆಳಿಗ್ಗೆಯೇ ಮುಗಿದಿತ್ತು. ನಿಮ್ಮ ಕಡಿ ಇವೆಲ್ಲಾ ನಂಬಂಗಿಲ್ಲ ಎಂದರಲ್ಲ ಅವರು, ಬಂದು ನೋಡಲಿ! ಅವನ ಅವ್ವ ಕೌಸಲ್ಯಾಬಾಯಿ ಕೂಡ, ವಿಹಾರದಲ್ಲಿ ಎಲ್ಲರ ಮುಂದೆ ಕೂತು ವಂದನೆ ಹೇಳುವವಳು, ಮೊಮ್ಮಗನಿಗೆ ಜ್ವರ ಬಂದರೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಸಮುದಾಯಕ್ಕೆಲ್ಲ ತಾನೊಬ್ಬನೇ ವಿಚಾರವಂತನಾಗಿ ನಿಂತು ನಿಂತು ಅಶ್ವಜಿತನಿಗೆ ಕಾಲು ಸೋತಿತ್ತು. ಅದನ್ನು ಹೇಳಲು ಬರಲಿಲ್ಲ. ಬಂದದ್ದು ಬೇರೆ. "ಒಯ್ಯಿರಿ ಇದನ್ನ! ನಾಚಿಕಿ ಆಗಂಗಿಲ್ಲೇನು ನಿಮಗ? ಹೊರಗ ನಡೀರಿ!" ದನಿ ಬಾಗಿಲಾಚೆ ಕೌಂಟರಿನ ತನಕ ಕೇಳಿಸಿತು. ವೈಜಿನಾಥ ತಟ್ಟೆ ಎತ್ತಿಕೊಂಡು, ಅರಿಶಿನ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಬೆನ್ನಿನಿಂದ ಬಾಗಿಲು ನೂಕಿ ಹೊರಗೆ ಹೋದ. ಅಂಬರೀನ ಕತ್ತು ಚಾಚಿ ನೋಡುತ್ತಿದ್ದುದು ಕಂಡಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ರಾಯರ ಎದುರು ಹಲ್ಲು ಕಿರಿಯುವ ಬಾಯಿಗೆ ಇಲ್ಲಿ ಎಷ್ಟು ಧೈರ್ಯ! ಅಪ್ಪನ ವಯಸ್ಸಿಗೆ ಹತ್ತಿರದವನನ್ನು, ತನ್ನವನನ್ನು, ನಡೀರಿ ಎಂದು ಹೊರಹಾಕಿದ. ಕುರ್ಚಿ ಎಳೆದುಕೊಂಡು ಕೂತು ಯಂತ್ರ ಶುರು ಮಾಡಿದ.

ತೆರೆಯ ಮೇಲೆ ಎರಡು ಸಾಲು, ಎಂಟು ಮತ್ತು ಒಂಬತ್ತು. ಎರಡರ ಫೈಲುಗಳನ್ನೂ ತಂದಿದ್ದ. ಬಾಣದ ಗುರುತು ಮೇಲೆ ಕೆಳಗೆ ಓಡಿಸಿದ. ಒಂಬತ್ತು ಹಾಕಿದರೆ ಇವತ್ತೇ ಏನೂ ಆಗುವುದಿಲ್ಲ, ಅದು ಅವನಿಗೆ ಗೊತ್ತು. ಬಹುಶಃ ವರ್ಷವಿಡೀ ನಡೆದೀತು. ಆದರೆ ಹೋದ ಬೇಸಿಗೆಯಲ್ಲಿ ಔರಾದ ಶಾಖೆಯಲ್ಲಿ ರಾಯರ ಒತ್ತಾಯಕ್ಕೆ ಇಂಥದೇ ಒಂದು ಹೊಸ ಆವೃತ್ತಿ ಹಾಕಬೇಕಾಗಿ ಬಂದು, ಅದು ಬದಲಾದ ದಿನ ದವಾಖಾನೆಯ ತಂತ್ರಾಂಶಕ್ಕೆ ಒಳಗೆ ಹೋಗುವ ದಾರಿಯೇ ಸಿಗಲಿಲ್ಲ. ಡಾಬಕಾದಿಂದ ಪುತಳಾಬಾಯಿ ಎಂಬ ಮುದುಕಿ ಬಂದಿದ್ದಳು, ಅವ್ವನ ತವರಿನವಳು. ಒಂದು ಇಂಜೆಕ್ಷನ್ ಅವಳಿಗೆ ಒಗ್ಗುವುದಿಲ್ಲ, ಯಾವುದೆಂದು ಅವಳಿಗೆ ಗೊತ್ತಿಲ್ಲ, ಗೊತ್ತಿದ್ದ ಯಂತ್ರ ಬಾಯಿ ಬಿಡುತ್ತಿಲ್ಲ. 'ಹೆಸರು ಬರವಲ್ದು' ಎಂದರು ಕೌಂಟರಿನವರು. 'ನನ್ನ ಹೆಸರಾ? ನನ್ನ ಹೆಸರು ಎತ್ತ ಹೋಗ್ತದ?' ಎಂದು ಮುದುಕಿ ಹೊತ್ತು ಮುಳುಗುವತನಕ ಬೆಂಚಿನ ಮೇಲೆ ಕೂತಿದ್ದಳು, ಎದ್ದರೆ ಪಾಳಿ ತಪ್ಪೀತೆಂದು ನೀರಿಗೂ ಏಳಲಿಲ್ಲ. ಮರುದಿನ ಮೀಟಿಂಗಿನಲ್ಲಿ ತಪ್ಪು ಅಶ್ವಜಿತನ ಮೇಲೆ ಬಂತು. ಆಗಲೂ ಅವನು ಹೂಂ ಎಂದಿದ್ದ, ಹಳೆಯ ಆವೃತ್ತಿಯನ್ನೇ ತಿರುಗಿ ಹಾಕಿಬಂದಿದ್ದ.

ಎಂಟರ ಮೇಲೆ ಒತ್ತಿದ.

ಒತ್ತಿದ್ದು ಪುತಳಾಬಾಯಿಗಾಗಿಯೋ, ರಾಯರ ಮೂಗು ಕೊಯ್ಯಲಿಕ್ಕೋ? ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತಿರುವಾಗ ಅದನ್ನೇ ಕೇಳಿಕೊಂಡ. ಮುದುಕಿಗಾಗಿ ಎಂದು ಹೇಳಿಕೊಳ್ಳಬೇಕೆಂದು ಆಸೆಯಿತ್ತು. ಆದರೆ ಒತ್ತುವ ಗಳಿಗೆಯಲ್ಲಿ ಕಣ್ಣಮುಂದೆ ಇದ್ದದ್ದು ಮುದುಕಿಯಲ್ಲ, ಪೆನ್ನಿನ ಟೋಪಿ ತೆಗೆದು ಹಾಕುತ್ತಿದ್ದ ಕೊಬ್ಬಿದ ಬೆರಳುಗಳು. ಆಗಲಿ. ಸಿಟ್ಟಿನಿಂದ ಮಾಡಿದರೂ ಸರಿಯಾದದ್ದು ಸರಿಯೇ. ಪಟ್ಟಿ ತುಂಬಿತು. ಬೀದರದಲ್ಲಿ ಕಾಪಿಟ್ಟಿದ್ದ ಹಳೆಯ ಹೆಸರುಗಳನ್ನೆಲ್ಲ ಒಳಗೆ ತುಂಬಿಸಿ ಹುಡುಕಿ ನೋಡಿದ. ಕೇಳಿದ್ದೆಲ್ಲ ಥಟ್ಟನೆ ಎದುರಿಗೆ ಬಂದು ನಿಂತಿತು. ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಅಷ್ಟರಲ್ಲಿ ರಾಯರ ಫೋನು.

"ಹಾಕಿದ್ರೇನ್ರಿ ಒಂಬತ್ತು?"

ಎಂಟು ಎನ್ನಲು ಬಾಯಿ ತೆರೆದ. "ಹೂಂರಿ ಸರ್," ಎಂದಿತು ಬಾಯಿ.

"ಶಾಭಾಸ್! ಕೇಳಿದ್ರೇನ್ರಿ ಮಂಜಿರಿಬಾಯಿ, ಆತಂತ. ನಾ ಹೇಳಿದ್ದಿಲ್ಲಾ? ಇವರ ಕಡಿ ಮಂದಿ ಒಂದ್ಸಲ ಹೂಂ ಅಂದ್ರ ಹೂಂ. ಭಾಳ ಪ್ರಾಮಾಣಿಕ ಮಂದಿ." ಅವರು ಸ್ಪೀಕರಿನ ಮೇಲೆ ಇಟ್ಟು ಮಾತಾಡುತ್ತಿದ್ದರು. ಮಂಜಿರಿ ಏನೋ ಅಂದದ್ದು ಕೇಳಿಸಿತು, ಏನೆಂದು ತಿಳಿಯಲಿಲ್ಲ. "ಇನ್ನ ನೋಡ್ತಾ ಇರ್ರಿ, ಹ್ಯಾಂಗ ನಡೀತದ. ಮುಂದಿನ ತಿಂಗಳು ಔರಾದಕ್ಕೂ ಒಂಬತ್ತೇ ಹಾಕಿಬಿಡೋಣ."

ಫೋನು ನಿಂತ ಮೇಲೂ ಅದನ್ನು ಕಿವಿಗೇ ಹಿಡಿದುಕೊಂಡಿದ್ದ. ಮೈಯೆಲ್ಲ ಉರಿಯುತ್ತಿತ್ತು. ಈ ಯಂತ್ರ ವರ್ಷಾನುಗಟ್ಟಲೆ ಸೊಗಸಾಗಿ ನಡೆಯುತ್ತದೆ, ಅದನ್ನು ನಡೆಸುವುದು ತನ್ನ ಎಂಟು, ಹೆಸರು ಅವರ ಒಂಬತ್ತಿಗೆ. ಒಂಬತ್ತರ ಮಹಿಮೆಗೆ ಸಾಕ್ಷಿಯಾಗಿ ತನ್ನನ್ನೇ ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ಔರಾದದಲ್ಲಿ ಮತ್ತೆ ಪುತಳಾಬಾಯಿ ಬೆಂಚಿನ ಮೇಲೆ ಕೂರುತ್ತಾಳೆ. ಇದೆಲ್ಲ ಹೋಗಲಿ. ಪ್ರಾಮಾಣಿಕ ಮಂದಿ! ಸುಳ್ಳು ಹೇಳಿದ ಗಳಿಗೆಯಲ್ಲೇ ಆ ಸರ್ಟಿಫಿಕೇಟು ತನ್ನೊಬ್ಬನಿಗಲ್ಲ, ಅವ್ವನಿಗೆ, ಮಹಾಮಾಯಾಳಿಗೆ, ಹೊರಗೆ ತಟ್ಟೆ ಹಿಡಿದು ನಿಂತ ವೈಜಿನಾಥನಿಗೆ, ಎಲ್ಲರಿಗೂ ಕೂಡಿ ಸಿಕ್ಕಿತ್ತು. ನಾಳೆ ಸುಳ್ಳು ಹೊರಬಿದ್ದರೆ ಅದೂ ಎಲ್ಲರಿಗೂ ಹಂಚಿಕೆಯಾಗುತ್ತದೆ. ಅಶ್ವಜಿತನೆಂಬ ಒಬ್ಬ ಮನುಷ್ಯ ಒಂದು ತಪ್ಪು ಮಾಡಲಿಕ್ಕೂ ಸ್ವತಂತ್ರನಲ್ಲ.

ವೈಜಿನಾಥ ಎರಡು ಕಪ್ ಚಹಾ ಹಿಡಿದು ಒಳಗೆ ಬಂದ. ಬೈಸಿಕೊಂಡದ್ದು ಮುಖದಲ್ಲಿ ಕಾಣಲಿಲ್ಲ. ಅದು ಕಾಣದಿದ್ದುದೇ ಅಶ್ವಜಿತನಿಗೆ ಚುಚ್ಚಿತು. "ಸಿಟ್ಟಿನ್ಯಾಗ ಅಂದೆರಿ, ತಪ್ಪಾತು," ಎಂದ. "ಇರ್ಲಿ ಬಿಡ್ರಿ ಸರ್," ಎಂದು ವೈಜಿನಾಥ ಅವಸರದಿಂದ ಹೇಳಿದ, ಕ್ಷಮೆ ಕೇಳುವವನ ಮುಜುಗರವನ್ನು ತಾನೇ ಹೊತ್ತುಕೊಳ್ಳುವ ಅವಸರ. ಅದು ತನ್ನದೇ ದನಿ ಎಂದು ಅಶ್ವಜಿತನಿಗೆ ಅನಿಸಿ ಚಹಾ ಕಹಿಯಾಯಿತು. ವೈಜಿನಾಥ ತೆರೆಯ ಕಡೆ ಬಗ್ಗಿ, ಮೂಲೆಯ ಸಣ್ಣ ಅಕ್ಷರ ಓದಿ, ಇವನ ಮುಖ ನೋಡಿ, ಮತ್ತೆ ತೆರೆ ನೋಡಿದ.

"ರಾಯರಿಗೆ ಒಂಬತ್ತು ಅಂದ್ರಲ್ರಿ? ಬಾಗಲದಾಗ ಕೇಳಿಸ್ತು."

"ಅಂದೆ."

ವೈಜಿನಾಥನಿಗೆ ಖುಷಿಯಾಯಿತು. "ಬರಬರಿ ಮಾಡಿದ್ರಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ಒಳಗ ಎಂಟು, ಹೊರಗ ಒಂಬತ್ತು. ಯಾರಿಗೆ ಮಾಲೂಮ್ ಆಗ್ತದ? ನಾವು ಸುದ್ದಾ ಹಂಗೇ ಅದೇವಲ್ರಿ, ಇಷ್ಟು ವರ್ಷ ನಡದದಲ್ಲ."

ಅವನು ಸಮಾಧಾನಕ್ಕೆ ಹೇಳಿದ್ದು. ಇಷ್ಟು ವರ್ಷ ನಡೆದದ್ದೂ ನಿಜ, ಹಾಗೆ ನಡೆದದ್ದರಿಂದಲೇ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದೂ ನಿಜ. ಅಶ್ವಜಿತ ಕಪ್ಪು ಕೆಳಗಿಟ್ಟ. ಹಾಗಾದರೆ ತಾನು ಹಾಕಿದ್ದು ಏನು? ಕೋಲೆಬಸವನ ಹಾಗೆ ಎದುರಿಗೆ ತಲೆಯಾಡಿಸಿ ಹಿಂದಿನಿಂದ ಸರಿ ಮಾಡುವುದು, ಸರಿ ಮಾಡಿದ್ದನ್ನು ಕಳವಿನ ಮಾಲಿನ ಹಾಗೆ ಬಚ್ಚಿಡುವುದು. ಪಟ್ಟು ಹಿಡಿದು ಬೆಳಿಗ್ಗೆಯೇ ಎಂಟು ಎಂದಿದ್ದರೆ ಏನಾಗುತ್ತಿತ್ತು? ಮಂಜಿರಿಯ ಎದುರು ಜಗಳವಾಗುತ್ತಿತ್ತು. ಜಗಳವಾಡಲು ಕೂಡ ಸಮನಾಗಿ ಕೂತಿರಬೇಕು; ತಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಈಗ ನೆನಪಾಗುತ್ತಿದೆ, ಅಲ್ಲಿ ಯಾವಾಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತೇನೆ, ಯಾರೂ ಹಾಗೆ ಕೂರೆಂದು ಹೇಳಿಲ್ಲ. ಎದ್ದು ನಿಂತು ಫೋನು ಹಚ್ಚಿದ. ವೈಜಿನಾಥ ಬೇಡವೆನ್ನುವಂತೆ ಕೈ ಮುಂದೆ ಮಾಡಿ, ಮತ್ತೆ ಹಿಂದಕ್ಕೆ ತೆಗೆದುಕೊಂಡ.

"ಸರ್, ನಾ ಎಂಟು ಹಾಕೀನ್ರಿ."

"ಏನಂದ್ರಿ?"

"ಆವಾಗ ಒಂಬತ್ತು ಅಂದದ್ದು ಸುಳ್ಳು. ಸುಳ್ಳು ನಂದು. ಹಾಕಿದ್ದು ಎಂಟು, ಎಂಟೇ ಬರಬರಿ ಅದ. ತಗೀಬೇಕಂದ್ರ ನಿಮ್ಮ ಸಹಿ ಮಾಡಿ ಬರದು ಕೊಡ್ರಿ, ತಗೀತೇನಿ. ಔರಾದಕ್ಕ ಮಾತ್ರ ನಾ ಒಂಬತ್ತು ಹಾಕಂಗಿಲ್ಲ."

ಬಯ್ಯುತ್ತಾರೆ ಎಂದು ಕಾದಿದ್ದ. ಬಯ್ದಿದ್ದರೆ ಹಗುರಾಗುತ್ತಿತ್ತು. ರಾಯರು ಬಯ್ಯಲಿಲ್ಲ. ದೀರ್ಘವಾಗಿ ಉಸಿರು ಬಿಟ್ಟು, ತಿಳಿದವರು ತಿಳಿಯದವರನ್ನು ಮನ್ನಿಸುವ ದನಿಯಲ್ಲಿ, "ನನಗ ಅಂದಾಜಿತ್ತು ಬಿಡ್ರಿ," ಎಂದರು. "ನಿಮ್ಮ ಕಡಿ ಇದೊಂದದ. ಎದುರಿಗೆ ಹೂಂ ಅಂತೀರಿ, ಹಿಂದ ನಿಮ್ಮದೇ ಮಾಡ್ತೀರಿ."

ಒಂದು ಚಹಾ ಆರುವುದರೊಳಗೆ ಪ್ರಾಮಾಣಿಕ ಮಂದಿ ಕಳ್ಳ ಮಂದಿಯಾಗಿದ್ದರು. ಹೊಗಳಿದ ಬಾಯಿ, ತೆಗಳಿದ ಬಾಯಿ ಒಂದೇ, ಎರಡೂ ಸಲ ಶಬ್ದವೂ ಅದೇ, 'ಕಡಿ'. ಸುಳ್ಳು ಹೇಳಿದರೂ ಅದರೊಳಗೆ ಬೀಳುತ್ತೇನೆ, ನಿಜ ಹೇಳಿದರೂ ಅದರೊಳಗೇ ಬೀಳುತ್ತೇನೆ. ಅಶ್ವಜಿತನಿಗೆ ವಿಚಿತ್ರವಾದ ನಿಶ್ಚಿಂತೆಯಾಯಿತು. ಸಿಟ್ಟು ಇಳಿದಿರಲಿಲ್ಲ; ಎಷ್ಟೋ ವರ್ಷಗಳಿಂದ ದಾರಿ ಹುಡುಕುತ್ತಿದ್ದದ್ದು ಈಗ ನೆಟ್ಟಗೆ ಬಂದು ನಾಲಿಗೆಯ ಮೇಲೆ ಕೂತಿತ್ತು.

"ನಮ್ಮ ಕಡಿ ಅಂದ್ರ ಯಾವ ಕಡಿರಿ ಸರ್?"

"ಅಂದ್ರ?"

"ನೀವು ಯಾವತ್ತೂ ಅಂತೀರಲ್ರಿ, ನಿಮ್ಮ ಕಡಿ, ನಿಮ್ಮ ಕಡಿ ಅಂತ. ಯಾವ ಕಡಿ ಅಂತ ಕೇಳ್ಲಿಕತ್ತೇನಿ."

ಅತ್ತ ಸ್ಪೀಕರ್ ಬಂದಾದ ಕಟ್ ಎಂಬ ಸದ್ದು. ರಾಯರ ದನಿ ಹತ್ತಿರವಾಯಿತು, ತಗ್ಗಿತು. "ಔರಾದ ಕಡಿರಿ. ಮತ್ತ ಯಾವ ಕಡಿ? ನೀವು ಸುಮ್ಮ ಏನರೆ ತಲ್ಯಾಗ ತಗೋಬ್ಯಾಡ್ರಿ."

"ಔರಾದಕ್ಕ ನನ್ನ ಕಳಿಸಿದವರು ನೀವರಿ. ನಾ ಹಲಬರ್ಗಾದಾಂವ," ಎಂದ ಅಶ್ವಜಿತ. "ನಿಮ್ಮೂರಾಂವ."

ರಾಯರು ಫೋನು ಇಟ್ಟಿರಲಿಲ್ಲ, ಅವರ ಖೋಲಿಯ ಫ್ಯಾನಿನ ಸದ್ದು, ಅವರ ಉಸಿರು, ಎರಡೂ ಕೇಳುತ್ತಿದ್ದವು. ಇಂಥ ಹೊತ್ತಿನಲ್ಲಿ ನಗುವುದು, ಇರ್ಲಿ ಬಿಡ್ರಿ ಸರ್ ಎನ್ನುವುದು, ಮಾತನ್ನು ಬೇರೆ ಕಡೆ ಹೊರಳಿಸಿ ಎದುರಿನವರನ್ನು ದಡ ಸೇರಿಸುವುದು ಇಷ್ಟು ವರ್ಷ ಅವನ ಕೆಲಸವಾಗಿತ್ತು. ಆ ಮಾತು ಈಗಲೂ ತುಟಿಯ ತನಕ ಬಂತು. ಎದುರಿಗೆ ವೈಜಿನಾಥ ಕಪ್ಪು ಹಿಡಿದು ಹೆದರಿ ಕಣ್ಣು ದೊಡ್ಡದು ಮಾಡಿ ನೋಡುತ್ತಿದ್ದ. ಅಶ್ವಜಿತ ಆ ಮಾತನ್ನು ನುಂಗಿಕೊಂಡು, ಬೆನ್ನು ಗೋಡೆಗೆ ಆನಿಸಿ ನಿಂತ.

"ಹೇಳ್ರಿ ಸರ್," ಎಂದ. "ನನಗೇನೂ ಅವಸರ ಇಲ್ಲ."